ಹಣೆಪಟ್ಟಿಯ ಆಚೆ: ‘ಮೋಹನಸ್ವಾಮಿ’ಯನ್ನು ಕಾಸರಗೋಡಿನಲ್ಲಿ ಕೂತು ಓದುವಾಗ

ಪ್ರಬಂಧಕ್ಕೆ ಹೋಗುವ ಮೊದಲು ಒಂದು ಸಣ್ಣ ವಿಷಯ ಹೇಳ್ತೇನೆ. ಕಳೆದ ವರ್ಷ ನಾನೊಂದು ಕತೆ ಬರೆದೆ. ನಾಯಕ ಬದಿಯಡ್ಕ ಕಡೆಯ ಅಡಿಕೆ ತೋಟದವ. ಮಳೆಗಾಲದಲ್ಲಿ ಮದ್ದು ಬಿಡಲಿಕ್ಕೆ ಜನ ಸಿಗದೆ ತಾನೇ ಮರ ಹತ್ತುವವ. ಅವನಿಗೆ ಒಬ್ಬ ಗಂಡಸಿನ ಮೇಲೆ ಪ್ರೀತಿ. ಓದಿದ ಗೆಳತಿ ಕೇಳಿದಳು: “ಇವ ಸಲಿಂಗಿ ಅಲ್ವಾ? ಮತ್ತೆ ಕತೆ ತುಂಬ ಕೊಳೆರೋಗವೇ ಉಂಟಲ್ಲ!” ನನ್ನಲ್ಲಿ ಉತ್ತರ ಇರಲಿಲ್ಲ.

ಉತ್ತರಕ್ಕಾಗಿ ವಸುಧೇಂದ್ರರ ‘ಮೋಹನಸ್ವಾಮಿ’ಗೆ ಮರಳಿದೆ. ಸಂಕಲನ ಬಂದದ್ದು 2013ರಲ್ಲಿ. ವಯಸ್ಕರ ಸಮ್ಮತಿಯ ಸಲಿಂಗ ಸಂಬಂಧ ಅಪರಾಧವಲ್ಲ ಎಂದು ದೆಹಲಿ ಹೈಕೋರ್ಟು 2009ರಲ್ಲಿ ಹೇಳಿತ್ತು. 2013ರ ಡಿಸೆಂಬರ್ 11ರಂದು ಸುಪ್ರೀಂ ಕೋರ್ಟು ಆ ತೀರ್ಪನ್ನು ರದ್ದುಮಾಡಿತು. ಮತ್ತೆ ಬಿಡುಗಡೆ ಸಿಕ್ಕಿದ್ದು 2018ರ ಸೆಪ್ಟೆಂಬರ್ 6ಕ್ಕೆ. ಅಂಥ ಕಾಲದಲ್ಲಿ ಹೆಸರು ಹೇಳದೆ ಬರೆದರೆ ಅದು ಸಂಯಮ ಅಲ್ಲ, ಹೆದರಿಕೆ ಅಂತಲೇ ಕಾಣುತ್ತಿತ್ತು. ಆದ್ದರಿಂದ ಅಲ್ಲಿ ಹೆಸರು ಹೇಳಲೇಬೇಕಿತ್ತು.

ಆದರೆ ಮೋಹನಸ್ವಾಮಿ ನೆನಪಲ್ಲಿ ಉಳಿಯುವುದು ಆ ಹೆಸರಿನಿಂದ ಮಾತ್ರ ಅಲ್ಲ. ‘ಕಗ್ಗಂಟು’ ಕತೆಯಲ್ಲಿ ಸಂಗಾತಿ ಬೇರೆ ಮದುವೆಗೆ ಹೊರಟಾಗ ಅವನಿಗಾಗುವ ಸಂಕಟ ಕೈಬಿಟ್ಟುಹೋದ ಯಾವ ಪ್ರೇಮಿಗೂ ಗೊತ್ತಿರುವಂಥದ್ದು. ಬೇರೆ ಕತೆಗಳಲ್ಲಿ ಸೈಕಲ್ಲಿನ ಆಸೆ ಉಂಟು, ಕಿಲಿಮಂಜಾರೋ ಏರುವ ಹಂಬಲ ಉಂಟು. ಅವನ ಲೈಂಗಿಕತೆ ಇವನ್ನೆಲ್ಲ ಮುಟ್ಟುತ್ತದೆ, ಯಾವುದನ್ನೂ ನುಂಗಿಹಾಕುವುದಿಲ್ಲ.

ಇದು ನನಗೆ ಅರ್ಥವಾದದ್ದು ಕಾಸರಗೋಡಿನವನಾದ್ದರಿಂದ. 1956ರ ನವೆಂಬರ್ 1ರಂದು ನಮ್ಮೂರು ಕೇರಳಕ್ಕೆ ಸೇರಿತು. ಚಂದ್ರಗಿರಿಯ ಉತ್ತರದ ಭಾಗ ಕರ್ನಾಟಕಕ್ಕೆ ಸೇರಬೇಕೆಂದ ಮಹಾಜನ ಆಯೋಗದ 1967ರ ವರದಿ ಜಾರಿಯಾಗಲಿಲ್ಲ. ಅಂದಿನಿಂದ ವೇದಿಕೆಗಳಲ್ಲಿ ನಮಗೆ ಒಂದೇ ಪಾತ್ರ: ನೊಂದ ಗಡಿನಾಡ ಕನ್ನಡಿಗ. ನೋವು ಸುಳ್ಳಲ್ಲ. ಆದರೆ ಬೆಳಗ್ಗೆ ಏಳುವಾಗ ಯಾರೂ ಗಡಿಯನ್ನು ನೆನೆಸುವುದಿಲ್ಲ. ಕಚೇರಿಯಲ್ಲಿ ಮಲಯಾಳಂ ಫಾರಂ ಕೈಗೆ ಬಂದಾಗ ನೆನಪಾಗ್ತದೆ. ಸಾರಾ ಅಬೂಬಕ್ಕರ್ ಇದನ್ನು ಬಲ್ಲವರಾಗಿದ್ದರು. ‘ಚಂದ್ರಗಿರಿಯ ತೀರದಲ್ಲಿ’ಯ ನಾದಿರಾ ಗಡಿವಿವಾದದ ಪ್ರತಿನಿಧಿ ಅಲ್ಲ, ಅಪ್ಪನ ಹಟ ಮತ್ತು ತಲಾಖಿನ ನಿಯಮಗಳ ನಡುವೆ ಸಿಕ್ಕಿಬಿದ್ದ ಹೆಣ್ಣು. ನಮ್ಮ ಊರು ಅಲ್ಲಿ ಹಣೆಪಟ್ಟಿಯಾಗದೆ ನೆಲವಾಗಿಯೇ ಇದೆ.

ಹಾಗಾಗಿ ನನ್ನ ವಾದ ಇಷ್ಟು: ಲೈಂಗಿಕತೆಯನ್ನು ಪಾತ್ರದ ಏಕೈಕ ಗುಣ ಮಾಡದಿರುವುದು ಅಂದರೆ ಅದನ್ನು ಅಡಗಿಸುವುದಲ್ಲ. ಲೋಕ ಅದನ್ನು ಎಲ್ಲಿ ಕೇಳ್ತದೋ ಅಲ್ಲಿ ಅದು ಕಾಣಬೇಕು.

ಗೆಳತಿಯ ಪ್ರಶ್ನೆಯಲ್ಲೂ ನ್ಯಾಯ ಇತ್ತು. ನಾನು ಸ್ವಲ್ಪ ಹೆದರಿದ್ದೆ. ಈಗ ಒಂದು ದೃಶ್ಯ ಸೇರಿಸಿದ್ದೇನೆ. ಮದುವೆಮನೆಯ ಪಂಕ್ತಿಯಲ್ಲಿ ದೊಡ್ಡಪ್ಪ ಕೇಳ್ತಾರೆ, “ನಿನ್ನದು ಯಾವಾಗ ಮಾರಾಯ?” ಅವ ಉತ್ತರ ಹೇಳದೆ ಮಜ್ಜಿಗೆ ಬಡಿಸ್ತಾ ಮುಂದಿನ ಎಲೆಗೆ ಹೋಗ್ತಾನೆ. ಮರುದಿನ ಮತ್ತೆ ಮದ್ದು ಬಿಡುವ ಕೆಲಸ.

ಆ ಮೌನ ಸಾಕೋ, ಇನ್ನೂ ಹೇಳಬೇಕೋ? ನಿಮ್ಮ ಅಭಿಪ್ರಾಯಕ್ಕೆ ಕಾಯ್ತೇನೆ.