ಬಿಲ್ ಮೇಲಿನ 21 ಅಕ್ಷರ-ಅಂಕಿ ಏನು ಹೇಳುತ್ತೆ? ಕಂಪನಿ ನಂಬರ್ ಓದೋದು ಹೀಗೆ

ಕೊಪ್ಪ: ಶುಂಠಿ, ಜೋಳ ಖರೀದಿಗೆ ಬರುವವರು, ಅಂಗಡಿಗೆ ಮಾಲು ಹಾಕುವವರು, ಹಣ ಹೂಡಿ ಎನ್ನುವ ಏಜೆಂಟರು, ಎಲ್ಲರೂ ಹೇಳೋದು ಒಂದೇ: ‘ನಮ್ಮದು ರಿಜಿಸ್ಟರ್ಡ್ ಕಂಪನಿ.’ ಅದು ನಿಜವೇ ಎಂದು ತಿಳಿಯಲು ಕಂಪನಿಯ ಗುರುತಿನ ಸಂಖ್ಯೆ, ಅಂದರೆ ಸಿಐಎನ್ ನೋಡಬೇಕು. 2013ರ ಕಂಪನಿಗಳ ಕಾಯ್ದೆಯ 12ನೇ ಕಲಂ ಪ್ರಕಾರ ಕಂಪನಿಯ ಬಿಲ್, ಲೆಟರ್‌ಹೆಡ್, ನೋಟಿಸ್‌ಗಳಲ್ಲಿ ಇದನ್ನು ಮುದ್ರಿಸಲೇಬೇಕು.

ಓದುವುದು ಹೇಗೆ?

ನಮ್ಮ ಭಾಗದ ತಂಬಾಕು ಬೆಳೆಗಾರರಿಗೆ ಪರಿಚಿತವಾದ ಐಟಿಸಿ ಕಂಪನಿಯ ಸಂಖ್ಯೆ ನೋಡಿ: ಎಲ್ 16005 ಡಬ್ಲ್ಯುಬಿ 1910 ಪಿಎಲ್‌ಸಿ 001985.

• ಎಲ್: ಷೇರುಪೇಟೆಯಲ್ಲಿ ಲಿಸ್ಟ್ ಆಗಿದೆ. ಆಗಿಲ್ಲದಿದ್ದರೆ ‘ಯು’ ಇರುತ್ತೆ.
• 16005: ಉದ್ಯಮದ ಕೋಡ್. ಇಲ್ಲಿ ತಂಬಾಕು.
• ಡಬ್ಲ್ಯುಬಿ: ನೋಂದಣಿಯಾದ ರಾಜ್ಯ, ಪಶ್ಚಿಮ ಬಂಗಾಳ. ಕರ್ನಾಟಕವಾದರೆ ‘ಕೆಎ’.
• 1910: ಸ್ಥಾಪನೆಯಾದ ವರ್ಷ.
• ಪಿಎಲ್‌ಸಿ: ಪಬ್ಲಿಕ್ ಕಂಪನಿ. ಪ್ರೈವೇಟ್ ಆದರೆ ‘ಪಿಟಿಸಿ’.
• 001985: ನೋಂದಣಿ ಸಂಖ್ಯೆ.

‘20 ವರ್ಷದ ಕಂಪನಿ’ ಎಂದು ಹೇಳುವವರ ಸಂಖ್ಯೆಯಲ್ಲಿ 2023 ಅಂತ ಇದ್ದರೆ ಅಲ್ಲೇ ಒಂದು ಪ್ರಶ್ನೆ ಕೇಳಿ.

ಸಿಐಎನ್ ಇಲ್ಲದಿದ್ದರೆ ಮೋಸವೇ?

ಹಾಗೇನಿಲ್ಲ. ಒಬ್ಬರೇ ಮಾಲೀಕರ ಅಂಗಡಿಗೆ, ಪಾಲುದಾರಿಕೆ ಸಂಸ್ಥೆಗೆ ಇದು ಇರುವುದಿಲ್ಲ. ಹಾಲಿನ ಡೇರಿ ಹಾಗೂ ಕೃಷಿ ಪತ್ತಿನ ಸಹಕಾರ ಸಂಘಗಳು ನೋಂದಣಿಯಾಗುವುದು ಸಹಕಾರ ಸಂಘಗಳ ಕಾಯ್ದೆಯಡಿ. ಆದರೆ ರೈತ ಉತ್ಪಾದಕರ ಸಂಸ್ಥೆಯ ಹೆಸರು ‘ಪ್ರೊಡ್ಯೂಸರ್ ಕಂಪನಿ ಲಿಮಿಟೆಡ್’ ಎಂದಿದ್ದರೆ ಸಿಐಎನ್ ಇರಲೇಬೇಕು. ತೊಂದರೆ ಇರೋದು ಹೆಸರಿನ ಮುಂದೆ ‘ಪ್ರೈವೇಟ್ ಲಿಮಿಟೆಡ್’ ಹಾಕಿಕೊಂಡು ಸಂಖ್ಯೆ ಕೇಳಿದರೆ ಕೊಡದವರಲ್ಲಿ.

ಜಿಎಸ್‌ಟಿ ನಂಬರ್ ಬೇರೆ

ಇದು 15 ಅಕ್ಷರ-ಅಂಕಿಗಳದ್ದು. ಮೊದಲ ಎರಡು ರಾಜ್ಯದ ಕೋಡ್ (ಕರ್ನಾಟಕಕ್ಕೆ 29), ನಂತರದ ಹತ್ತು ಪ್ಯಾನ್. ಪ್ಯಾನ್‌ನ ನಾಲ್ಕನೇ ಅಕ್ಷರ ‘ಸಿ’ ಆದರೆ ಕಂಪನಿ, ‘ಪಿ’ ಆದರೆ ವ್ಯಕ್ತಿ. ಬಿಲ್‌ನಲ್ಲಿ ಕಂಪನಿ ಹೆಸರು ಹಾಕಿ, ಜಿಎಸ್‌ಟಿ ನಂಬರ್‌ನಲ್ಲಿ ‘ಪಿ’ ಇದ್ದರೆ ಆ ನಂಬರ್ ಕಂಪನಿಯದ್ದಲ್ಲ.

ಪರಿಶೀಲಿಸುವುದು ಎಲ್ಲಿ?

ಕೇಂದ್ರ ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯದ (ಎಂಸಿಎ) ವೆಬ್‌ಸೈಟ್‌ನಲ್ಲಿ ‘ಕಂಪನಿ ಮಾಸ್ಟರ್ ಡೇಟಾ’ ಹುಡುಕಿ ಹೆಸರು ಅಥವಾ ಸಿಐಎನ್ ಹಾಕಿ. ವಿಳಾಸ, ಷೇರು ಬಂಡವಾಳ, ಸ್ಥಿತಿ ಕಾಣುತ್ತೆ. ‘ಆಕ್ಟಿವ್’ ಇದ್ದರೆ ದಾಖಲೆಯಲ್ಲಿ ಕಂಪನಿ ಚಾಲ್ತಿಯಲ್ಲಿದೆ. ‘ಸ್ಟ್ರೈಕ್ ಆಫ್’ ಎಂದಿದ್ದರೆ ರಿಜಿಸ್ಟರ್‌ನಿಂದ ಹೆಸರು ತೆಗೆದುಹಾಕಿದ್ದಾರೆ. ಅಂಥವರಿಗೆ ಸಾಲಕ್ಕೆ ಮಾಲು ಕೊಡಬೇಡಿ. ಜಿಎಸ್‌ಟಿ ನಂಬರನ್ನು ಜಿಎಸ್‌ಟಿ ಪೋರ್ಟಲ್‌ನ ‘ಸರ್ಚ್ ಟ್ಯಾಕ್ಸ್‌ಪೇಯರ್’ನಲ್ಲಿ ನೋಡಬಹುದು.

ನೆನಪಿರಲಿ

ನೋಂದಣಿ ಸಂಖ್ಯೆ ಕಂಪನಿ ಇದೆ ಎನ್ನುತ್ತದೆ, ದುಡ್ಡು ಕೊಡುತ್ತದೆ ಎನ್ನುವುದಿಲ್ಲ. ಸಿಐಎನ್ ಇದ್ದ ಮಾತ್ರಕ್ಕೆ ಜನರಿಂದ ಠೇವಣಿ ಸಂಗ್ರಹಿಸಲು ಅನುಮತಿ ಸಿಕ್ಕಂತಲ್ಲ. ಠೇವಣಿ ಕೇಳುವವರ ಬಗ್ಗೆ ರಿಸರ್ವ್ ಬ್ಯಾಂಕ್‌ನ ‘ಸಚೇತ್’ ಪೋರ್ಟಲ್‌ನಲ್ಲಿ ವಿಚಾರಿಸಬಹುದು, ದೂರನ್ನೂ ಕೊಡಬಹುದು. ಮಾಲು ಲಾರಿಗೆ ಹತ್ತುವ ಮುಂಚೆ ಬಿಲ್‌ನ ಒಂದು ಫೋಟೊ ತೆಗೆದಿಟ್ಟುಕೊಳ್ಳಿ. ಮುಂದೆ ದೂರು ಕೊಡಬೇಕಾಗಿ ಬಂದರೆ ಆ ಸಂಖ್ಯೆಯೇ ಆಧಾರ.