ಹುಸಿ ಬಸಿರಿನ ಮಾತ್ರೆ

‘ಮದುವೆಯಾಗಿ ಒಂದು ಹೆತ್ತರೆ ಎಲ್ಲ ಸರಿಹೋಗುತ್ತೆ.’ ತಿಂಗಳು ತಿಂಗಳು ಹೊಟ್ಟೆ ಹಿಡಿದುಕೊಂಡು ಮುದುಡಿ ಮಲಗುವ ಹುಡುಗಿಗೆ ನಮ್ಮ ಮನೆಗಳಲ್ಲಿ ಅಜ್ಜಿಯೋ ಸೋದರತ್ತೆಯೋ ಹೇಳುವ ಮಾತಿದು. ಇದನ್ನು ಓದುಬರಹವಿಲ್ಲದವರ ಮೂಢನಂಬಿಕೆ ಎಂದು ತಳ್ಳಿಹಾಕುವವರಿಗೆ ಒಂದು ಸಂಗತಿ ಸೋಜಿಗವೆನಿಸಬಹುದು. 1940ರ ದಶಕದಲ್ಲಿ ಅಮೆರಿಕದ ಬಾಸ್ಟನ್ ನಗರದ ಹೆಸರಾಂತ ಸ್ತ್ರೀರೋಗ ತಜ್ಞ ಜೋ ವಿನ್ಸೆಂಟ್ ಮೀಗ್ಸ್ ಹೆಚ್ಚುಕಡಿಮೆ ಇದನ್ನೇ ವೈದ್ಯಕೀಯ ಪತ್ರಿಕೆಗಳಲ್ಲಿ ಬರೆದರು. ಉಳ್ಳವರ ಮನೆಯ ಹೆಣ್ಣುಮಕ್ಕಳು ತಡವಾಗಿ ಮದುವೆಯಾಗುವುದು, ಬಸಿರನ್ನು ಮುಂದೂಡುವುದು ಈ ಕಾಯಿಲೆಗೆ ಕಾರಣ. ಬೇಗ ಮದುವೆಯಾಗಿ ಬೇಗ ಹೆರುವುದೇ ಮದ್ದು ಎಂಬುದು ಅವರ ವಾದ.

ಅವರು ಹೇಳುತ್ತಿದ್ದ ಕಾಯಿಲೆ ಎಂಡೊಮೆಟ್ರಿಯೋಸಿಸ್. ಗರ್ಭಕೋಶದ ಒಳಗೋಡೆಗೆ ಅಂಟಿಕೊಂಡ ಪದರವೊಂದಿದೆ. ಪ್ರತಿ ತಿಂಗಳು ಅದು ಬೆಳೆದು, ಬಸಿರು ನಿಲ್ಲದಿದ್ದರೆ ಕಳಚಿ ಮುಟ್ಟಿನ ರಕ್ತವಾಗಿ ಹೊರಬರುತ್ತದೆ. ಅದೇ ಬಗೆಯ ಪದರ ಗರ್ಭಕೋಶದ ಹೊರಗೆ, ಅಂಡಾಶಯದ ಮೇಲೋ ಕರುಳಿನ ಮೇಲೋ ಬೆಳೆದುಕೊಂಡರೆ ಅದೂ ತಿಂಗಳ ಲೆಕ್ಕಕ್ಕೆ ತಕ್ಕಂತೆ ಊದುತ್ತದೆ, ಒಸರುತ್ತದೆ. ಆ ರಕ್ತಕ್ಕೆ ಹೊರಬರಲು ದಾರಿ ಇಲ್ಲ. ಒಳಗೇ ಉರಿಯೂತವೆದ್ದು ಅಂಗಾಂಗಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ನೋವು ಬರುವುದು ಅಲ್ಲಿಂದ. ಹೆರುವ ವಯಸ್ಸಿನ ಹೆಂಗಸರಲ್ಲಿ ಸುಮಾರು 10ರಲ್ಲಿ ಒಬ್ಬರಿಗೆ ಇದು ಇರುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು.

ನ್ಯೂಯಾರ್ಕ್ ರಾಜ್ಯದ ಆಲ್ಬನಿಯ ವೈದ್ಯ ಜಾನ್ ಸ್ಯಾಂಪ್ಸನ್ 1921ರಲ್ಲಿ ಅಂಡಾಶಯದ ಮೇಲಿನ, ಹಳೆಯ ರಕ್ತ ತುಂಬಿ ಕಂದುಬಣ್ಣಕ್ಕೆ ತಿರುಗಿದ ‘ಚಾಕೊಲೇಟ್ ಸಿಸ್ಟ್’ಗಳನ್ನು ವಿವರವಾಗಿ ವರ್ಣಿಸಿದರು. ಕಾಯಿಲೆಗೆ ಈಗಿನ ಹೆಸರನ್ನಿಟ್ಟವರೂ ಅವರೇ. ಮುಟ್ಟಿನ ರಕ್ತ ಸ್ವಲ್ಪ ಹಿಂದಕ್ಕೆ, ಗರ್ಭನಾಳದ ಮೂಲಕ ಹೊಟ್ಟೆಯೊಳಕ್ಕೆ ಹರಿಯುವುದರಿಂದ ಹೀಗಾಗುತ್ತದೆ ಎಂದು 1927ರಲ್ಲಿ ಅವರು ವಾದಿಸಿದರು. ಹಾಗೆ ಹಿಂದಕ್ಕೆ ಹರಿಯುವುದು ಬಹುಪಾಲು ಹೆಂಗಸರಲ್ಲಿ ಉಂಟು. ಕೆಲವರಲ್ಲಿ ಮಾತ್ರ ಅದು ಏಕೆ ಬೇರೂರುತ್ತದೆಂಬುದು ಇಂದಿಗೂ ಪೂರ್ತಿ ಬಿಡಿಸಲಾಗದ ಒಗಟು.

ಬಸಿರಿನ ಒಂಬತ್ತು ತಿಂಗಳು ಮುಟ್ಟಿಲ್ಲ, ಹಾಗಾಗಿ ಹಲವರಿಗೆ ನೋವೂ ಇಲ್ಲ. ಅಜ್ಜಿಯ ಮಾತಿನಲ್ಲೂ ಮೀಗ್ಸರ ಮಾತಿನಲ್ಲೂ ಇದ್ದ ನಿಜ ಇಷ್ಟೇ. ಆದರೆ ಬಸಿರು ಕಾಯಿಲೆಯನ್ನು ತಡೆದು ನಿಲ್ಲಿಸಬಹುದೇ ಹೊರತು ಬೇರುಸಹಿತ ಕೀಳುವುದಿಲ್ಲ. ಅಲ್ಲದೆ ಈ ಕಾಯಿಲೆಯವರಲ್ಲಿ ಅನೇಕರಿಗೆ ಬಸಿರು ನಿಲ್ಲುವುದೇ ಕಷ್ಟ. ಅವರಿಗೆ ‘ಹೆತ್ತರೆ ಸರಿಹೋಗುತ್ತೆ’ ಎನ್ನುವುದು ಗಾಯದ ಮೇಲೆ ಬರೆ.

ಹಾಗಾದರೆ ಬಸಿರಿಲ್ಲದೆಯೇ ಬಸಿರಾಗಿದೆಯೆಂದು ದೇಹವನ್ನು ನಂಬಿಸಲು ಬಂದೀತೆ? ಈ ದಾರಿ ತೆರೆದದ್ದು ಬೇರೆಯೇ ಒಂದು ಪ್ರಯೋಗದಿಂದ, ಅದೂ ಬಾಸ್ಟನ್ನಿನಲ್ಲೇ. ಅಲ್ಲಿನ ಫ್ರೀ ಹಾಸ್ಪಿಟಲ್ ಫಾರ್ ವಿಮೆನ್‌ನಲ್ಲಿದ್ದ ಜಾನ್ ರಾಕ್ ಬಂಜೆತನದ ತಜ್ಞರು, ನಿಷ್ಠಾವಂತ ಕ್ಯಾಥೊಲಿಕರು. ಮಕ್ಕಳಾಗದ 80 ಹೆಂಗಸರಿಗೆ ಅವರು ಕೆಲವು ತಿಂಗಳು ಸ್ತ್ರೀ ಹಾರ್ಮೋನುಗಳನ್ನು ಕೊಟ್ಟು ಅಂಡಾಶಯಕ್ಕೆ ವಿಶ್ರಾಂತಿ ಕೊಡಿಸಿದರು. ಔಷಧ ನಿಲ್ಲಿಸಿದ ಮೇಲೆ 13 ಮಂದಿ ಬಸಿರಾದರು. ಆದರೆ ಔಷಧ ನಡೆಯುತ್ತಿದ್ದಾಗ ಮುಟ್ಟು ನಿಂತು, ವಾಕರಿಕೆ ಬಂದು, ಎದೆ ಭಾರವಾಗಿ, ತಾವು ಬಸಿರಾದೆವೆಂದೇ ಆ ಹೆಂಗಸರು ನಂಬಿದ್ದರು. ಅಲ್ಲವೆಂದು ತಿಳಿದಾಗ ಅವರಿಗಾದ ಸಂಕಟವನ್ನು ಊಹಿಸಬಹುದು. ರಾಕ್ ಅವರ ಜೊತೆಗೂಡಿದ ಜೀವವಿಜ್ಞಾನಿ ಗ್ರೆಗರಿ ಪಿಂಕಸ್ ಇದಕ್ಕೊಂದು ಉಪಾಯ ಹೇಳಿದರು: ಸುಮಾರು ಮೂರು ವಾರ ಔಷಧ ಕೊಟ್ಟು ಕೆಲವು ದಿನ ನಿಲ್ಲಿಸಿ, ರಕ್ತ ಹೋಗುತ್ತದೆ, ಹೆಂಗಸಿಗೆ ಸಮಾಧಾನವಾಗುತ್ತದೆ. ಇಂದಿಗೂ ಗುಳಿಗೆಯ ಪಟ್ಟಿಯಲ್ಲಿ ಉಳಿದಿರುವ ಏಳು ದಿನಗಳ ಬಿಡುವಿನ ಮೂಲ ಇದು.

ಪಿಂಕಸ್‌ಗೆ ಬೇಕಿದ್ದದ್ದು ಗರ್ಭನಿರೋಧಕ. ಅವರ ಬೆನ್ನಿಗೆ ಮಾರ್ಗರೆಟ್ ಸ್ಯಾಂಗರ್ ಅವರ ಹಟವೂ ಕ್ಯಾಥರಿನ್ ಮೆಕಾರ್ಮಿಕ್ ಅವರ ಹಣವೂ ಇದ್ದವು. ಆದರೆ ಬಾಸ್ಟನ್ ಇರುವ ಮೆಸಚೂಸೆಟ್ಸ್ ರಾಜ್ಯದಲ್ಲಿ ಗರ್ಭನಿರೋಧಕ ಕೊಡುವುದು ಜೈಲಿಗೆ ದಾರಿಯಾಗಬಲ್ಲ ಅಪರಾಧ. (ನಮ್ಮ ಮೈಸೂರು ಸಂಸ್ಥಾನ 1930ರಲ್ಲೇ ಸರ್ಕಾರಿ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣ ಚಿಕಿತ್ಸಾಲಯ ತೆರೆಯಲು ಆಜ್ಞೆ ಹೊರಡಿಸಿತ್ತೆಂಬುದನ್ನು ಇಲ್ಲಿ ನೆನೆಯಬಹುದು.) ಅದಕ್ಕೇ ದೊಡ್ಡ ಪ್ರಮಾಣದ ಗರ್ಭನಿರೋಧಕ ಪರೀಕ್ಷೆ 1956ರಲ್ಲಿ ದೂರದ ಪೋರ್ಟೊರಿಕೊ ದ್ವೀಪದಲ್ಲಿ, ಬಡ ಹೆಂಗಸರ ಮೇಲೆ ನಡೆಯಿತು. 1957ರಲ್ಲಿ ಸರ್ಲ್ ಕಂಪನಿಯ ‘ಎನೊವಿಡ್’ ಮಾತ್ರೆಗೆ ಅಮೆರಿಕದ ಔಷಧ ಇಲಾಖೆ ಒಪ್ಪಿಗೆ ಕೊಟ್ಟಿತು. ಆದರೆ ಗರ್ಭನಿರೋಧಕವೆಂದಲ್ಲ, ಮುಟ್ಟಿನ ತೊಂದರೆಗಳಿಗೆ ಮದ್ದೆಂದು. ಇದು ಅಂಡ ಬಿಡುಗಡೆಯನ್ನು ತಡೆಯುತ್ತದೆ ಎಂಬ ಎಚ್ಚರಿಕೆ ಜೊತೆಗಿತ್ತು. ಆ ಎಚ್ಚರಿಕೆಯೇ ಜಾಹೀರಾತಾಯಿತು. ಎರಡೇ ವರ್ಷಗಳಲ್ಲಿ ಸುಮಾರು ಐದು ಲಕ್ಷ ಅಮೆರಿಕನ್ ಹೆಂಗಸರಿಗೆ ಏಕಾಏಕಿ ‘ಮುಟ್ಟಿನ ತೊಂದರೆ’ ಕಾಣಿಸಿಕೊಂಡಿತು! ಗರ್ಭನಿರೋಧಕವೆಂಬ ನಿಜವಾದ ಹೆಸರು ಅದಕ್ಕೆ ದಕ್ಕಿದ್ದು 1960ರಲ್ಲಿ.

ಈ ಕಥೆಯನ್ನು ಇತಿಹಾಸಕಾರರು ನಗುತ್ತಲೇ ಹೇಳುತ್ತಾರೆ. ಮುಟ್ಟಿನ ತೊಂದರೆ ಎಂಬುದು ಬರೀ ನೆಪ, ಕಾನೂನಿನ ಕಣ್ಣಿಗೆ ಮಣ್ಣೆರಚುವ ಉಪಾಯ ಎಂಬ ಧಾಟಿ. ಆದರೆ ಆ ಲಕ್ಷಗಟ್ಟಲೆ ಹೆಂಗಸರ ನಡುವೆ ನಿಜವಾಗಿಯೂ ನೋವಿನಿಂದ ನರಳುತ್ತಿದ್ದವರೂ ಇದ್ದರಲ್ಲ? ಅವರ ಕಡೆ ನೋಡಿದವರು ರಾಕ್ ಅವರ ಆಸ್ಪತ್ರೆಯವರೇ ಆದ ರಾಬರ್ಟ್ ಕಿಸ್ಟ್ನರ್. ಅದೇ ಎನೊವಿಡ್ಡನ್ನು, ಬಿಡುವೇ ಇಲ್ಲದಂತೆ, ಪ್ರಮಾಣ ಏರಿಸುತ್ತ ತಿಂಗಳುಗಟ್ಟಲೆ ಕೊಟ್ಟು ಎಂಡೊಮೆಟ್ರಿಯೋಸಿಸ್ ರೋಗಿಗಳ ಮುಟ್ಟನ್ನು ಅವರು ನಿಲ್ಲಿಸಿದರು. 1958 ಮತ್ತು 1959ರಲ್ಲಿ ಬರೆದ ಲೇಖನಗಳಲ್ಲಿ ಅದನ್ನು ಹುಸಿ ಬಸಿರು ಎಂದು ಕರೆದರು. ರಾಕ್ ಅವರ ರೋಗಿಗಳಿಗೆ ಯಾವುದು ಮೋಸವೆನಿಸಿತ್ತೋ ಅದೇ ಇಲ್ಲಿ ಚಿಕಿತ್ಸೆಯಾಯಿತು. ಮದುವೆಗೂ ಮಗುವಿಗೂ ಕಾಯದೆ ಹೆಣ್ಣೊಬ್ಬಳಿಗೆ ನೋವು ಇಳಿಸಿಕೊಳ್ಳುವ ದಾರಿ ಸಿಕ್ಕಿತು. ಈ ಕಥೆಯ ದೊಡ್ಡ ತಿರುವು ಇದೇ ಎಂದು ನನ್ನ ಅನಿಸಿಕೆ. ಗುಳಿಗೆಯ ಇತಿಹಾಸ ಬರೆಯುವವರು ಇದಕ್ಕೆ ಕೊಡುವುದು ಒಂದೆರಡು ಸಾಲು.

ಅದಕ್ಕೆ ತೆತ್ತ ಬೆಲೆಯೂ ಸಣ್ಣದಲ್ಲ. ಅಂದಿನ 10 ಮಿಲಿಗ್ರಾಂ ಮಾತ್ರೆಯೊಂದರಲ್ಲಿ ಈಸ್ಟ್ರೊಜೆನ್ ಬಗೆಯ ಹಾರ್ಮೋನು 150 ಮೈಕ್ರೊಗ್ರಾಂ ಇರುತ್ತಿತ್ತು. ಇಂದಿನ ಗುಳಿಗೆಗಳಲ್ಲಿ ಅದು, ಬೇರೆ ರೂಪದಲ್ಲಿ, ಸಾಮಾನ್ಯವಾಗಿ 20ರಿಂದ 30 ಮೈಕ್ರೊಗ್ರಾಂ. ವಾಕರಿಕೆ, ಮೈ ಊದುವುದು ಮಾಮೂಲು. 1961ರಲ್ಲಿ ಜೋರ್ಡನ್ ಎಂಬ ಇಂಗ್ಲೆಂಡಿನ ವೈದ್ಯರು ‘ಲ್ಯಾನ್ಸೆಟ್’ ಪತ್ರಿಕೆಗೆ ಒಂದು ಪ್ರಕರಣ ಬರೆದು ಕಳಿಸಿದರು: ಈ ಮಾತ್ರೆ ನುಂಗುತ್ತಿದ್ದ ನರ್ಸ್ ಒಬ್ಬರ ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟಿತ್ತು. ಗುಳಿಗೆಯಿಂದ ರಕ್ತ ಹೆಪ್ಪುಗಟ್ಟಬಹುದೆಂದು ಜಗತ್ತಿಗೆ ಸಿಕ್ಕಿದ ಮೊದಲ ಸೂಚನೆ ಇದು. ಆಕೆ ಮಾತ್ರೆ ನುಂಗುತ್ತಿದ್ದದ್ದು ಗರ್ಭ ತಡೆಯಲು ಅಲ್ಲ, ಎಂಡೊಮೆಟ್ರಿಯೋಸಿಸ್‌ಗೆ. ಮುಂದೆ ಕೋಟ್ಯಂತರ ಹೆಂಗಸರಿಗೆ ಹಾರ್ಮೋನಿನ ಪ್ರಮಾಣ ಇಳಿದದ್ದರ ಮೊದಲ ಕೊಂಡಿ ಈ ನರ್ಸ್.

1970ರ ದಶಕದಲ್ಲಿ ಗಂಡು ಹಾರ್ಮೋನಿನ ಗುಣವುಳ್ಳ ಡ್ಯಾನಜಾಲ್ ಬಂದು ಹುಸಿ ಬಸಿರನ್ನು ಹಿಂದಕ್ಕೆ ತಳ್ಳಿತು. ಅದನ್ನು ನುಂಗಿದವರಲ್ಲಿ ಕೆಲವರ ದನಿ ಗಡುಸಾಯಿತು, ಮುಖದಲ್ಲಿ ಕೂದಲು ಬೆಳೆಯಿತು. ಓದಿದ, ಬಿಳಿಯ, ಉದ್ಯೋಗಸ್ಥ ಹೆಂಗಸರ ಕಾಯಿಲೆ ಎಂಬ ಮೀಗ್ಸ್ ಕಾಲದ ಹಣೆಪಟ್ಟಿಯೂ ಬೇಗ ಕಳಚಲಿಲ್ಲ. ಕಪ್ಪು ಹೆಂಗಸರಲ್ಲೂ ಇದು ಧಾರಾಳವಾಗಿದೆ, ಸೋಂಕೆಂದು ತಪ್ಪಾಗಿ ಗುರುತಿಸಲಾಗುತ್ತಿದೆ ಎಂದು ಷಿಕಾಗೊದ ಡೊನಾಲ್ಡ್ ಚಾಟ್ಮನ್ ತೋರಿಸಿಕೊಟ್ಟದ್ದು 1976ರಲ್ಲಿ.

ನೆಪದ ಕಥೆ ಜಪಾನಿನಲ್ಲಿ ಮತ್ತೊಮ್ಮೆ ನಡೆಯಿತು. ಅಲ್ಲಿ ಹೆಚ್ಚು ಪ್ರಮಾಣದ ಹಾರ್ಮೋನು ಮಾತ್ರೆಗಳು ಮುಟ್ಟಿನ ತೊಂದರೆಗೆಂದು ದಶಕಗಟ್ಟಲೆ ಸಿಗುತ್ತಿದ್ದವು. ಕಡಿಮೆ ಪ್ರಮಾಣದ ಗರ್ಭನಿರೋಧಕಕ್ಕೆ ಒಪ್ಪಿಗೆ ಸಿಕ್ಕಿದ್ದು 1999ರಲ್ಲಿ. ಆದರೆ ನೋವಿನವರಿಗೆ ಬೇಕಿದ್ದ ಉತ್ತರ ಬಂದದ್ದೂ ಆ ದೇಶದಿಂದಲೇ. 2008ರಲ್ಲಿ ತಸುಕು ಹರಾಡ ಮತ್ತು ಸಂಗಡಿಗರು 100 ಎಂಡೊಮೆಟ್ರಿಯೋಸಿಸ್ ರೋಗಿಗಳಲ್ಲಿ ಕೆಲವರಿಗೆ ಕಡಿಮೆ ಪ್ರಮಾಣದ ಗುಳಿಗೆ, ಉಳಿದವರಿಗೆ ಔಷಧವಿಲ್ಲದ ಮಾತ್ರೆ ಕೊಟ್ಟು ಹೋಲಿಸಿದರು. ಗುಳಿಗೆ ನುಂಗಿದವರ ಮುಟ್ಟಿನ ನೋವು ಸ್ಪಷ್ಟವಾಗಿ ಇಳಿದಿತ್ತು. ಕಿಸ್ಟ್ನರ್ ಬರೆದು ಅಷ್ಟು ಹೊತ್ತಿಗೆ 50 ವರ್ಷ ಕಳೆದಿದ್ದವು.

ಗುಳಿಗೆ ಕಾಯಿಲೆಯನ್ನು ವಾಸಿಮಾಡುವುದಿಲ್ಲ, ಹಿಡಿತದಲ್ಲಿಡುತ್ತದೆ. ಅಂಡ ಬಿಡುಗಡೆ ನಿಲ್ಲುತ್ತದೆ, ಪದರ ತೆಳುವಾಗುತ್ತದೆ, ಸ್ರಾವ ಕಡಿಮೆಯಾಗುತ್ತದೆ. ಮಾತ್ರೆ ಬಿಟ್ಟರೆ ನೋವು ಮರಳಬಹುದು. ರಕ್ತ ಹೆಪ್ಪುಗಟ್ಟುವ ಇತಿಹಾಸವುಳ್ಳವರಿಗೆ, ಏರಿದ ರಕ್ತದೊತ್ತಡವಿರುವವರಿಗೆ, ಕೆಲವು ಬಗೆಯ ಅರೆತಲೆನೋವಿನವರಿಗೆ ಇದು ಸಲ್ಲದು. ಅಂಥವರಿಗೆ ಈಸ್ಟ್ರೊಜೆನ್ ಇಲ್ಲದ ಡೈನೋಜೆಸ್ಟ್‌ನಂಥ ಮಾತ್ರೆಗಳನ್ನು ವೈದ್ಯರು ನೋಡುತ್ತಾರೆ.

ನಮ್ಮಲ್ಲಿ ನೆಪದ ಕಥೆ ತಲೆಕೆಳಗಾಗಿದೆ. ಅಮೆರಿಕದಲ್ಲಿ ಗರ್ಭ ತಡೆಯಬೇಕಿದ್ದವರು ಮುಟ್ಟಿನ ತೊಂದರೆ ಎಂದು ಹೇಳಿಕೊಂಡರು. ಇಲ್ಲಿ ಮುಟ್ಟಿನ ನೋವಿಗೆ ಮಾತ್ರೆ ನುಂಗುವ ಹುಡುಗಿ ಅದನ್ನು ಗರ್ಭನಿರೋಧಕವಲ್ಲ ಎಂದು ಮನೆಯವರಿಗೆ ಒಪ್ಪಿಸಬೇಕು. ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಪುಕ್ಕಟೆಯಾಗಿ ಕೊಡುವ ಮಾಲಾ-ಎನ್ ಕುಟುಂಬ ಯೋಜನೆಯ ಹೆಸರಿನಲ್ಲೇ ಮನೆ ಸೇರುವ ಮಾತ್ರೆ. ಅದರ ಪಟ್ಟಿಯಲ್ಲಿ ಹಾರ್ಮೋನಿನವು 21, ಕಬ್ಬಿಣಾಂಶದವು 7. ಆ ಏಳು ದಿನಗಳಲ್ಲಿ ರಕ್ತ ಹೋಗುತ್ತದೆ, ಎಂಡೊಮೆಟ್ರಿಯೋಸಿಸ್ ಇದ್ದವರಿಗೆ ನೋವೂ ಮರಳುತ್ತದೆ. ಹಾಗಾಗಿ ಬಿಡುವು ಕೊಡದೆ ಮುಂದಿನ ಪಟ್ಟಿಯ ಹಾರ್ಮೋನು ಮಾತ್ರೆಯನ್ನೇ ಶುರುಮಾಡುವಂತೆ ಈಗ ಅನೇಕ ವೈದ್ಯರು ಇಂಥ ರೋಗಿಗಳಿಗೆ ಹೇಳುತ್ತಾರೆ. ‘ತಿಂಗಳು ತಿಂಗಳು ಆಗದಿದ್ದರೆ ಕೆಟ್ಟ ರಕ್ತ ಒಳಗೇ ಉಳಿಯುವುದಿಲ್ಲವೇ ಡಾಕ್ಟ್ರೇ’ ಎಂದು ತಾಯಂದಿರು ಗಾಬರಿಯಾಗುತ್ತಾರೆ. ಪದರವೇ ಬೆಳೆಯದಿದ್ದ ಮೇಲೆ ಉಳಿಯಲು ಅಲ್ಲಿ ರಕ್ತವೇ ಇರುವುದಿಲ್ಲ. ಆ ಏಳು ದಿನಗಳು, ತಾವು ಬಸಿರಾಗಿಲ್ಲವೆಂದು ಬಾಸ್ಟನ್ನಿನ ಹೆಂಗಸರಿಗೆ ಗೊತ್ತಾಗಲೆಂದು ಇಟ್ಟಿದ್ದವು.