ಗುಂಪು ಎಲ್ಲಿ ಒಡೆಯಬೇಕು?

‘ಗ್ರೂಪ್ ಬೈ’ ಅಂದರೆ ಒಂದು ಕಾಲಮ್ ಆರಿಸಿ ಮೊತ್ತ ಹಾಕುವುದು, ಅಷ್ಟೇ ಎಂಬ ತಿಳಿವಳಿಕೆ ಡೇಟಾ ತರಬೇತಿಗಳಲ್ಲಿ ಬೇರುಬಿಟ್ಟಿದೆ. ಒಂದೇ ಹೆಸರಿನ ಸಾಲುಗಳು ಟೇಬಲ್‌ನಲ್ಲಿ ಎಲ್ಲೇ ಇದ್ದರೂ ಒಟ್ಟಾಗುತ್ತವೆ, ಸಾಲುಗಳ ಕ್ರಮವನ್ನು ಯಾರೂ ಕೇಳುವುದಿಲ್ಲ. ಇದು ಅರ್ಧ ವಿದ್ಯೆ. ಷರತ್ತು ಸಿಕ್ಕ ಸಾಲಿನಲ್ಲಿ ಹಳೆಯ ಗುಂಪು ಮುಗಿಸಿ ಹೊಸದು ತೆರೆಯುವ ಇನ್ನರ್ಧ ಇದಕ್ಕಿಂತ ಹಳೆಯದು, ನನ್ನ ಮಟ್ಟಿಗೆ ಹೆಚ್ಚು ಉಪಯೋಗದ್ದು.

ಪಂಚ್ ಕಾರ್ಡ್ ಕಾಲದ ಟ್ಯಾಬ್ಯುಲೇಟರ್‌ಗಳು ಮಾಡುತ್ತಿದ್ದುದು ಇದನ್ನೇ. ಕಾರ್ಡಿನ ಸಂಖ್ಯೆ ಹಿಂದಿನದಕ್ಕಿಂತ ಬದಲಾದರೆ ಮೊತ್ತ ಮುದ್ರಿಸಿ ಮುಂದೆ ಹೋಗುತ್ತಿದ್ದವು. ಕೋಬಾಲ್, ಆರ್‌ಪಿಜಿ ಎಂಬ ಪ್ರೋಗ್ರಾಮಿಂಗ್ ಭಾಷೆಗಳಲ್ಲಿ ಅದು ‘ಕಂಟ್ರೋಲ್ ಬ್ರೇಕ್’ ಆಯಿತು. 1970ರಲ್ಲಿ ರಿಲೇಷನಲ್ ಡೇಟಾಬೇಸ್‌ನ ಕಲ್ಪನೆ ಕೊಟ್ಟ ಕಾಡ್ ಅವರ ಪ್ರಬಂಧ ಟೇಬಲ್ ಅನ್ನು ಗಣವಾಗಿ ಕಂಡಿತು, ಗಣಕ್ಕೆ ಕ್ರಮವಿಲ್ಲ. 1974ರ ಸೀಕ್ವೆಲ್, ಅಂದರೆ ಇಂದಿನ ಎಸ್‌ಕ್ಯೂಎಲ್, ಆ ಹಾದಿಯಲ್ಲೇ ನಡೆಯಿತು. ಲಾಭ ದೊಡ್ಡದೇ, ಆದರೆ ಅಕ್ಕಪಕ್ಕದ ಸಾಲುಗಳ ಸಂಬಂಧ ಕೈತಪ್ಪಿತು. 2003ರ ಮಾನದಂಡದಲ್ಲಿ ವಿಂಡೋ ಫಂಕ್ಷನ್‌ಗಳು ಬಂದ ಮೇಲೆ ಅದನ್ನು ಸುತ್ತುಬಳಸಿ ಮರಳಿ ಪಡೆದೆವು: ಬದಲಾವಣೆ ಕಂಡಲ್ಲಿ 1 ಹಾಕಿ, ಆ 1ಗಳನ್ನು ಕೂಡುತ್ತಾ ಹೋಗಿ, ಬಂದದ್ದನ್ನು ಗುಂಪಿನ ಸಂಖ್ಯೆ ಎನ್ನುವುದು. ಪೈಥಾನ್‌ನ ಪಾಂಡಾಸ್ ಬಳಸುವವರು ಇಂದಿಗೂ ಹೀಗೇ ಮಾಡುತ್ತಾರೆ. ಆರ್ ಭಾಷೆಯ ಡಿಪ್ಲೈಯರ್‌ಗೆ ಇದಕ್ಕೊಂದು ನೇರ ಫಂಕ್ಷನ್ ಸಿಕ್ಕಿದ್ದು 2023ರಲ್ಲಿ.

ನಮ್ಮ ಪೀಳಿಗೆಯನ್ನು ಬೆಳೆಸಿದ್ದು ಪವರ್ ಕ್ವೆರಿ. 2013ರಲ್ಲಿ ಎಕ್ಸೆಲ್‌ಗೆ ಆಡ್-ಇನ್ ಆಗಿ ಬಂದ ಅದು 2016ರ ಆವೃತ್ತಿಯಲ್ಲಿ ಒಳಗೇ ಸೇರಿತು. ಅದರ ‘ಟೇಬಲ್.ಗ್ರೂಪ್’ ಫಂಕ್ಷನ್‌ಗೆ ಮೂರು ವಿಷಯ ಕೊಟ್ಟರೆ ಸಾಮಾನ್ಯ ಕೆಲಸ ನಡೆಯುತ್ತದೆ. ನಾಲ್ಕನೆಯದಾಗಿ ‘ಲೋಕಲ್’ ಎಂದರೆ ಅಕ್ಕಪಕ್ಕದ ಸಾಲುಗಳು ಮಾತ್ರ ಒಂದು ಗುಂಪು. ಐದನೆಯದಾಗಿ ನಾವೇ ಬರೆದ ಹೋಲಿಕೆಯ ಫಂಕ್ಷನ್ ಕೊಡಬಹುದು: ಅದು ಸೊನ್ನೆ ಕೊಟ್ಟರೆ ಸಾಲು ಅದೇ ಗುಂಪಿಗೆ, ಬೇರೆ ಸಂಖ್ಯೆ ಕೊಟ್ಟರೆ ಅಲ್ಲಿಂದ ಹೊಸ ಗುಂಪು. ಇಷ್ಟು ಚಿಕ್ಕ ಜಾಗದಲ್ಲಿ ಇಷ್ಟು ಶಕ್ತಿಯಿಟ್ಟ ವಿನ್ಯಾಸ ಈ ಕ್ಷೇತ್ರದಲ್ಲಿ ಇನ್ನೊಂದಿಲ್ಲ.

ಪಿಡಿಎಫ್‌ನಿಂದ ತೆಗೆದ ಬ್ಯಾಂಕ್ ಸ್ಟೇಟ್‌ಮೆಂಟ್ ನೋಡಿ. ಒಂದೇ ವ್ಯವಹಾರದ ವಿವರ ಮೂರು ಸಾಲುಗಳಿಗೆ ಹರಿದಿರುತ್ತದೆ. ದಿನಾಂಕ ಮೊದಲ ಸಾಲಿನಲ್ಲಿ ಮಾತ್ರ, ಉಳಿದೆರಡರಲ್ಲಿ ನಲ್, ಅಂದರೆ ಖಾಲಿ. ಎಲ್ಲರೂ ಹೇಳಿಕೊಡುವುದು ದಿನಾಂಕವನ್ನು ‘ಫಿಲ್ ಡೌನ್’ ಮಾಡಿ ಗ್ರೂಪ್ ಮಾಡಿ ಎಂದು. ಆದರೆ ಒಂದೇ ದಿನ ಎರಡು ವ್ಯವಹಾರ ನಡೆದಿದ್ದರೆ ಎರಡೂ ಸೇರಿ ಒಂದಾಗುತ್ತವೆ. ಎರರ್ ಬರುವುದಿಲ್ಲ, ಮೊತ್ತವೂ ತಾಳೆಯಾಗುತ್ತದೆ, ಹಾಗಾಗಿ ತಪ್ಪು ಕಣ್ಣಿಗೆ ಬೀಳುವುದೇ ಇಲ್ಲ. ಬದಲಿಗೆ ಗುಂಪನ್ನು ಲೋಕಲ್ ಮಾಡಿ, ‘ದಿನಾಂಕ ನಲ್ ಅಲ್ಲವೇ?’ ಎಂಬ ಪ್ರಶ್ನೆಯ ಉತ್ತರವನ್ನೇ (ಹೌದಾದರೆ 1, ಇಲ್ಲದಿದ್ದರೆ 0) ಹೋಲಿಕೆಯಾಗಿ ಕೊಟ್ಟರೆ, ದಿನಾಂಕವಿರುವ ಪ್ರತಿ ಸಾಲೂ ಹೊಸ ವ್ಯವಹಾರ ತೆರೆಯುತ್ತದೆ. ಒಳಗಿನ ವಿವರಗಳನ್ನು ‘ಟೆಕ್ಸ್ಟ್.ಕಂಬೈನ್’ ಜೋಡಿಸುತ್ತದೆ.

ಕೊರತೆಯೂ ಇದೆ. ಹೋಲಿಕೆ ನಡೆಯುವುದು ಹಿಂದಿನ ಸಾಲಿನ ಜೊತೆ ಅಲ್ಲ, ಗುಂಪಿನ ಮೊದಲ ಸಾಲಿನ ಜೊತೆ. ಹಾಗಾಗಿ ವೆಬ್‌ಸೈಟ್‌ನ ಕ್ಲಿಕ್‌ಗಳನ್ನು ಗುಂಪು ಮಾಡುವಾಗ ‘ಹಿಂದಿನ ಕ್ಲಿಕ್ ಆಗಿ 30 ನಿಮಿಷ ಕಳೆದಿದ್ದರೆ ಹೊಸ ಸೆಷನ್’ ಎಂಬ ಸರಳ ಷರತ್ತನ್ನು ನೇರವಾಗಿ ಬರೆಯಲಾಗದು. ಮೊದಲ ಕ್ಲಿಕ್‌ನಿಂದಲೇ 30 ನಿಮಿಷ ಲೆಕ್ಕವಾಗಿ, ನಡೆಯುತ್ತಿರುವ ಸೆಷನ್ ಮಧ್ಯದಲ್ಲೇ ತುಂಡಾಗುತ್ತದೆ. ಹಿಂದಿನ ಸಾಲಿನ ಸಮಯವನ್ನು ಮೊದಲೇ ಪಕ್ಕದ ಕಾಲಮ್‌ಗೆ ತಂದುಕೊಳ್ಳಬೇಕು.

ಇನ್ನೂ ದೊಡ್ಡ ಕೊರತೆ ಪರದೆಯ ಮೇಲಿದೆ. ‘ಗ್ರೂಪ್ ಬೈ’ ಒತ್ತಿದಾಗ ತೆರೆಯುವ ಕಿಟಕಿಯಲ್ಲಿ ಬೇಸಿಕ್, ಅಡ್ವಾನ್ಸ್ಡ್ ಎಂಬ ಎರಡು ಆಯ್ಕೆಗಳಿವೆ. ಲೋಕಲ್ ಎರಡರಲ್ಲೂ ಇಲ್ಲ. ಫಾರ್ಮುಲಾ ಬಾರ್‌ನಲ್ಲಿ ಕೋಡ್ ತಿದ್ದಲು ಧೈರ್ಯವಿದ್ದವರಿಗೆ ಮಾತ್ರ ಅದು ಸಿಗುತ್ತದೆ. ಸ್ಟೇಟ್‌ಮೆಂಟ್‌ಗಳನ್ನು ದಿನವಿಡೀ ಜೋಡಿಸುವ ಅಕೌಂಟೆಂಟ್‌ಗೆ ಬೇಕಿರುವುದು ಆ ಕಿಟಕಿಯಲ್ಲಿ ಇನ್ನೊಂದು ಟಿಕ್ ಬಾಕ್ಸ್.